ಮಾಡಿಫೈ ಮಾಡಿದ ಬೈಕಿನಲ್ಲಿ ಬರುವ ಎಂಜಿನ್ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಗುಬ್ಬಿ ಗೇಟ್ ಕಡೆಯ ನಮ್ಮ ಗ್ಯಾರೇಜಿಗೆ ಬರುವ ಬಹಳ ಮಂದಿ ಬೈಕಿಗೆ ಸ್ಟ್ಯಾಂಡ್ ಹಾಕುವ ಮೊದಲೇ ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಾರೆ: ಟಕ ಟಕ, ಚಿಣಿ ಚಿಣಿ, ಡಬ್ ಡಬ್. ನಗಬೇಡಿ, ಅರ್ಧ ರೋಗಪತ್ತೆ ಅಲ್ಲೇ ಆಗುತ್ತದೆ. ಉಳಿದರ್ಧಕ್ಕೆ ಒಂದು ಪ್ರಶ್ನೆ ಕೇಳುತ್ತೇನೆ: ಕೊನೆಯದಾಗಿ ಏನು ಬದಲಾಯಿಸಿದಿರಿ? “ಏನೂ ಇಲ್ಲ” ಎನ್ನುತ್ತಾರೆ. ಪಕ್ಕದಲ್ಲೇ ಹೊಸ ಸೈಲೆನ್ಸರ್ ಮಿರಮಿರನೆ ಮಿಂಚುತ್ತಿರುತ್ತದೆ. ಗ್ಯಾರೇಜಿನಲ್ಲಿ, ಫೋನಿನಲ್ಲಿ, ಪಾವಗಡ, ಗೌರಿಬಿದನೂರು, ಮಾಲೂರು ಕಡೆಯಿಂದ ಬರೆದವರ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

### ಸದ್ದು ಮೊದಲು ಕೇಳಿಸಿದಾಗ

ನಾಕಿಂಗ್ ಎಂದರೆ ನಿಜವಾಗಿ ಏನು? ಎಲ್ಲರೂ ಎಲ್ಲ ಸದ್ದಿಗೂ ನಾಕಿಂಗ್ ಎನ್ನುತ್ತಾರೆ.

ಸ್ಪಾರ್ಕ್ ಆದ ಮೇಲೆ ಉರಿ ಪ್ಲಗ್ಗಿನ ತುದಿಯಿಂದ ಹೊರಟು ಸಿಲಿಂಡರಿನ ಅಂಚಿನವರೆಗೆ ಹರಡಬೇಕು, ಒಣಹುಲ್ಲಿಗೆ ಒಂದು ಕಡೆಯಿಂದ ಬೆಂಕಿ ಹಬ್ಬಿದಂತೆ. ಉರಿ ತಲುಪುವ ಮೊದಲೇ ಅಂಚಿನಲ್ಲಿ ಉಳಿದಿರುವ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಡ ಮತ್ತು ಬಿಸಿ ತಾಳಲಾರದೆ ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ, ಒತ್ತಡದ ಅಲೆ ಗೋಡೆಯಿಂದ ಗೋಡೆಗೆ ಬಡಿದು ಸಿಲಿಂಡರನ್ನೇ ಗಂಟೆಯಂತೆ ಮೊಳಗಿಸುತ್ತದೆ. ನಾಕಿಂಗ್ ಎಂದರೆ ಅದು. ಅಲ್ಲಿ ಲೋಹಕ್ಕೆ ಲೋಹ ತಗಲಿರುವುದಿಲ್ಲ. ಲೋಹಕ್ಕೆ ಲೋಹ ತಗಲುವ ಬಡಿತ ಬೇರೆ ಕುಲ. ಅದಕ್ಕೆ ಪೆಟ್ರೋಲ್ ಬದಲಾಯಿಸಿ ಪ್ರಯೋಜನವಿಲ್ಲ, ಹಾಗೆಯೇ ನಾಕಿಂಗಿಗೆ ಬೇರಿಂಗ್ ಬದಲಾಯಿಸಿ ಪ್ರಯೋಜನವಿಲ್ಲ. ಜನ ದುಡ್ಡು ಕಳೆದುಕೊಳ್ಳುವುದು ಈ ಎರಡನ್ನು ಒಂದು ಮಾಡಿದಾಗ.

ಮೂರನೆಯದೊಂದು ಇದೆ. ಕೆಂಪಗೆ ಕಾದ ಕಾರ್ಬನ್ ಅಥವಾ ಪ್ಲಗ್ಗಿನ ತುದಿ ಸ್ಪಾರ್ಕಿಗಿಂತ ಮುಂಚೆಯೇ ಮಿಶ್ರಣಕ್ಕೆ ಬೆಂಕಿ ಕೊಡುವುದು. ಅದು ಸದ್ದು ಮಾಡದೆಯೂ ಪಿಸ್ಟನ್ ತಲೆಯಲ್ಲಿ ತೂತು ಕೊರೆಯಬಲ್ಲದು. ಕೀ ತಿರುಗಿಸಿ ಆರಿಸಿದ ಮೇಲೂ ಎಂಜಿನ್ ಒಂದೆರಡು ಸಲ ಕೆಮ್ಮಿಕೊಂಡು ತಿರುಗಿದರೆ ಇದರ ಮೇಲೆ ಅನುಮಾನ ಇರಲಿ.

ಯಾವ ಸದ್ದು ಯಾವುದರದು ಎಂದು ಕಿವಿಯಲ್ಲೇ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ನಾಕಿಂಗ್ ಸದ್ದು ಸ್ಟೀಲ್ ಡಬ್ಬಿಯಲ್ಲಿ ಕಡಲೆಬೀಜ ಹಾಕಿ ಅಲ್ಲಾಡಿಸಿದಂತೆ ಇರುತ್ತದೆ. ಎಂಜಿನ್ ಭಾರ ಎಳೆಯುವಾಗ ಮಾತ್ರ ಬರುತ್ತದೆ, ಥ್ರಾಟಲ್ ಬಿಟ್ಟ ಕ್ಷಣ ಮಾಯ. ಟ್ಯಾಪೆಟ್ (ಗಾಳಿ, ಹೊಗೆ ಬಿಡುವ ವಾಲ್ವನ್ನು ಒತ್ತುವ ಭಾಗ) ಸದ್ದು ಹೊಲಿಗೆ ಯಂತ್ರದಂತೆ ಒಂದೇ ಲಯದಲ್ಲಿ ಬರುತ್ತದೆ. ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಲ. ಟೈಮಿಂಗ್ ಚೈನ್ (ಎಂಜಿನ್ನಿನೊಳಗೆ ವಾಲ್ವುಗಳನ್ನು ನಡೆಸುವ ಚೈನ್) ಸಡಿಲವಾದರೆ ಥ್ರಾಟಲ್ ಬಿಡುವಾಗ ಗಲಗಲ ಎನ್ನುತ್ತದೆ. ಪಿಸ್ಟನ್ ಸಡಿಲವಾದರೆ ಬೆಳಗ್ಗೆ ತಣ್ಣಗಿರುವಾಗ ಜೋರು, ಬಿಸಿಯಾದಂತೆ ಕಡಿಮೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ (ಕ್ರ್ಯಾಂಕ್ ಕಡೆಯ ತುದಿ) ಹೋದರೆ ಒರಳಿಗೆ ಒನಕೆ ಬಿದ್ದಂತೆ ಕೆಳಗಿನಿಂದ ದಪ್ಪ ಸದ್ದು ಬರುತ್ತದೆ, ಬಿಸಿಯಾದಷ್ಟೂ ಹೆಚ್ಚುತ್ತದೆ. ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಸಿಲಿಂಡರನ್ನು ಬಿಟ್ಟು ಕ್ಲಚ್ ಹಬ್ಬಿನ ಕಡೆ ನೋಡಿ.

ಹಳೆಯ ಎರಕದ ಎಂಜಿನ್ನಿನ ಬುಲೆಟ್ ಇದ್ದವರು ಟ್ಯಾಪೆಟ್ ಸದ್ದಿಗೆ ತಣ್ಣನೆಯ ಎಂಜಿನ್ನಿನಲ್ಲಿ ಪುಶ್ ರಾಡನ್ನು (ವಾಲ್ವನ್ನು ಕೆಳಗಿನಿಂದ ನಡೆಸುವ ಕಡ್ಡಿ) ಬೆರಳಲ್ಲಿ ತಿರುಗಿಸಿ ನೋಡಲಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ಹೊಸ ಸೈಲೆನ್ಸರ್ ಹಾಕಿದ ಮರುದಿನವೇ ಸದ್ದು ಶುರುವಾಯಿತು. ಎಂಜಿನ್ ಬಿಚ್ಚಬೇಕೇ?

ಸ್ಪ್ಯಾನರ್ ಮುಟ್ಟುವ ಮೊದಲು ಮಂಡಿಯೂರಿ ಬೈಕಿನ ಹೊಟ್ಟೆ ನೋಡಿ. ಹೊಸ ಬೆಂಡ್ ಪೈಪ್ ಫ್ರೇಮಿಗೋ ಸೆಂಟರ್ ಸ್ಟ್ಯಾಂಡಿಗೋ ಕೂದಲೆಳೆಯಷ್ಟು ಹತ್ತಿರವಿದ್ದರೆ ಸಾಕು, ಎಂಜಿನ್ ಅಲ್ಲಾಡಿದಾಗಲೆಲ್ಲ ಬಡಿಯುತ್ತದೆ. ತಗಲುವ ಜಾಗದಲ್ಲಿ ಬಣ್ಣ ಸವೆದು ಹೊಳೆಯುವ ಚುಕ್ಕೆ ಕಾಣುತ್ತದೆ. ಆಮೇಲೆ ಎಂಜಿನ್ ಫೌಂಡೇಶನ್ ಬೋಲ್ಟ್, ಕ್ರ್ಯಾಶ್ ಗಾರ್ಡ್, ಸೈಲೆನ್ಸರ್ ಒಳಗೆ ಸಡಿಲವಾದ ತಗಡು. ಪೈಪು ತಣ್ಣಗಿರುವಾಗ ಹಳೆಯ ಟ್ಯೂಬಿನ ತುಂಡನ್ನು ಸಂದಿಗೆ ತುರುಕಿ ಸ್ಟಾರ್ಟ್ ಮಾಡಿ. ಸದ್ದು ನಿಂತರೆ ನಿಮ್ಮ ಖರ್ಚು ಒಂದು ತುಂಡು ರಬ್ಬರ್.

ಸದ್ದು ಇಟ್ಟುಕೊಂಡೇ ಇನ್ನೂ ಎಷ್ಟು ದಿನ ಓಡಿಸಬಹುದು?

ದಪ್ಪ ಸದ್ದಾಗಿದ್ದರೆ ಒಂದು ಕಿಲೋಮೀಟರ್ ಕೂಡ ಬೇಡ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬನ್ನಿ. ರಾಡ್ ಮುರಿದು ಕೇಸ್ ಒಡೆದರೆ ಆಟೋ ಬಾಡಿಗೆ ಉಳಿಸಿದ್ದು ನೆನಪಿಗೂ ಬರುವುದಿಲ್ಲ. ಏರಿನಲ್ಲಿ ಮಾತ್ರ ಚಿಣಿ ಚಿಣಿ ಎನ್ನುತ್ತಿದ್ದರೆ ಗೇರ್ ಇಳಿಸಿ, ಥ್ರಾಟಲ್ ಸಡಿಲಿಸಿ ಊರು ಸೇರಬಹುದು. ಹಗುರ ಟ್ಯಾಪೆಟ್ ಸದ್ದಿಗೆ ಭಾನುವಾರದವರೆಗೆ ಕಾಯಬಹುದು.

### ಬಿಚ್ಚುವ ಮುನ್ನ

ದೇವರಾಯನದುರ್ಗ ಹತ್ತುವಾಗ ಮಾತ್ರ ಸದ್ದು ಬರುತ್ತದೆ, ಇಳಿಯುವಾಗ ಇಲ್ಲ. ಯಾಕೆ?

ಸಂಶಯವಿದ್ದ ಬೈಕುಗಳನ್ನೆಲ್ಲ ನಾನು ಕರೆದೊಯ್ಯುವುದು ಇದೇ ದಾರಿಗೆ. ಏರಿನಲ್ಲಿ ಇಬ್ಬರನ್ನು ಹೊತ್ತು, ಟಾಪ್ ಗೇರಿನಲ್ಲೇ ನಿಧಾನಕ್ಕೆ, ಥ್ರಾಟಲ್ ಪೂರ್ತಿ ತಿರುಗಿಸಿ ಹೋದರೆ ಸಿಲಿಂಡರ್ ಮಿಶ್ರಣದಿಂದ ತುಂಬುತ್ತದೆ, ಪಿಸ್ಟನ್ ಮಾತ್ರ ನಿಧಾನ. ಮೂಲೆಯ ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಒಂದು ಗೇರ್ ಇಳಿಸಿದೊಡನೆ ಸದ್ದು ನಿಂತರೆ ಅದು ನಾಕಿಂಗ್ ಎಂದೇ ಲೆಕ್ಕ.

ಇಲ್ಲಿ ಜನ ಮರೆಯುವ ಒಂದು ಮಾಡಿಫಿಕೇಶನ್ ಇದೆ: ಮುಂದಿನ ಸ್ಪ್ರಾಕೆಟ್. ಹೈವೇಯಲ್ಲಿ ವೇಗ ಬೇಕೆಂದು 14 ಹಲ್ಲಿನದನ್ನು ತೆಗೆದು 15 ಹಲ್ಲಿನದು ಹಾಕಿಸುತ್ತಾರೆ. ಎಲ್ಲ ಗೇರುಗಳೂ ಸುಮಾರು ಶೇ. 7ರಷ್ಟು ಉದ್ದವಾದವು. ಸಿರಾ ಕಡೆಯ ಹೈವೇಯಲ್ಲಿ ಸುಖ, ಘಟ್ಟದಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಎಂಜಿನ್ ಮುಟ್ಟದೆ ನಾಕಿಂಗ್ ತರಿಸುವ ಸುಲಭ ಮಾರ್ಗ ಇದು.

ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಹೋದಾಗ ಸದ್ದೇ ಇರಲಿಲ್ಲ. ಮಧ್ಯಾಹ್ನ ಚಿಕ್ಕಬಳ್ಳಾಪುರದ ಹತ್ತಿರ ಬಂತು. ಬೆಟ್ಟದ ಗಾಳಿಗೆ ವಾಸಿಯಾಗಿತ್ತೇ?

ವಾಸಿಯಾಗಿರಲಿಲ್ಲ, ಮರೆಯಾಗಿತ್ತು. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಷ್ಟು ಗಾಳಿ ತೆಳು, ಸಿಲಿಂಡರಿನ ಒತ್ತಡ ಕಡಿಮೆ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಬೈಕಿನಲ್ಲಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲೂ ಏರುತ್ತದೆ. ಜೊತೆಗೆ ಮುಂಜಾನೆಯ ಚಳಿ. ಈ ಮೂರೂ ನಾಕಿಂಗ್ ಅಡಗಿಸುತ್ತವೆ. ಮಧ್ಯಾಹ್ನದ ಬಿಸಿಲಿಗೆ ಒಳಬರುವ ಗಾಳಿಯೂ ಎಂಜಿನ್ನೂ ಕಾದಾಗ ಒಳಗಿದ್ದದ್ದು ಹೊರಬಂತು. ಪರೀಕ್ಷೆ ಮಾಡುವುದಾದರೆ ಮಧ್ಯಾಹ್ನವೇ ಮಾಡಿ.

ನಾಕಿಂಗೋ ಲೋಹದ ಬಡಿತವೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಟ್ಯಾಂಕ್ ಬರಿದಾಗುವವರೆಗೆ ಓಡಿಸಿ, ಎರಡು ಮೂರು ಲೀಟರ್ ಹೆಚ್ಚು ಆಕ್ಟೇನಿನ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲ್ ಹಾಕಿಸಿ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಅಂಥದು, ಆದರೆ ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ. ಬೆಂಗಳೂರಿಗೆ ಹೋದಾಗ ಹಾಕಿಸಿಕೊಳ್ಳಿ. ಆಮೇಲೆ ಅದೇ ರಸ್ತೆ, ಅದೇ ಗೇರ್, ಹಿಂದೆ ಅದೇ ಗೆಳೆಯ. ಸದ್ದು ನಿಂತರೆ ನಾಕಿಂಗ್. ಎಳ್ಳಷ್ಟೂ ಬದಲಾಗದಿದ್ದರೆ ಲೋಹದ ಕಡೆ ಹುಡುಕಿ. ಇದು ಪರೀಕ್ಷೆ, ಔಷಧಿಯಲ್ಲ. ದುಬಾರಿ ಪೆಟ್ರೋಲ್ ಹಾಕಿಕೊಂಡೇ ಓಡಾಡುತ್ತೇನೆ ಎನ್ನುವವರು ಜ್ವರಕ್ಕೆ ಥರ್ಮಾಮೀಟರ್ ನುಂಗಿದಂತೆ.

ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆಯೇ ಸದ್ದು. ಎಥೆನಾಲ್ ಕಾರಣವೇ?

ನೇರ ಕಾರಣ ಅಲ್ಲ. ಎಥೆನಾಲ್ ನಾಕಿಂಗನ್ನು ತಡೆಯುತ್ತದೆ. ಅದರ ಆಕ್ಟೇನ್ ನೂರಕ್ಕಿಂತ ಹೆಚ್ಚು. ಆದರೆ ಅದರಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ: ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕಾದರೆ, ಒಂದು ಕಿಲೋ ಎಥೆನಾಲಿಗೆ ಸುಮಾರು 9 ಸಾಕು. ಹಳೆಯ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತು) ಅಷ್ಟೇ ಇದ್ದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿಯಾಗುತ್ತದೆ. ಮೊದಲೇ ಗಾಳಿ ಹೆಚ್ಚು ಬಿಡುವ ಓಪನ್ ಫಿಲ್ಟರ್ ಹಾಕಿಸಿ ಅಂಚಿನಲ್ಲಿ ನಿಂತಿದ್ದ ಬೈಕು ಇದರಿಂದ ಅಂಚು ದಾಟುತ್ತದೆ. ತಿಂಗಳುಗಟ್ಟಲೆ ನಿಂತ ಬೈಕಾಗಿದ್ದರೆ ಟ್ಯಾಂಕ್ ಮತ್ತು ಕಾರ್ಬುರೇಟರಿನ ತಳದ ಬಟ್ಟಲು (ಫ್ಲೋಟ್ ಬೌಲ್) ಖಾಲಿ ಮಾಡಿ ನೋಡಿ. ಎಥೆನಾಲ್ ನೀರನ್ನು ಎಳೆದುಕೊಂಡು ತಳದಲ್ಲಿ ಕೂರುತ್ತದೆ, ಮೇಲೆ ಉಳಿಯುವುದು ನಾಕಿಂಗ್ ತಡೆಯಲಾರದ ಬಡ ಪೆಟ್ರೋಲ್.

ಏರ್ ಫಿಲ್ಟರ್, ಸೈಲೆನ್ಸರ್ ಎರಡೂ ಬದಲಾಯಿಸಿದ್ದೇನೆ, ಜೆಟ್ ಮುಟ್ಟಿಲ್ಲ. ತೊಂದರೆಯೇ?

ಹೆಚ್ಚಿನ ನಾಕಿಂಗ್ ಇಲ್ಲಿಂದಲೇ ಶುರು. ಉಸಿರಾಟ ಸಲೀಸಾಯಿತು, ಊಟ ಹೆಚ್ಚಲಿಲ್ಲ. ಗಾಳಿ ಜಾಸ್ತಿಯಾದ ಮಿಶ್ರಣ ಎಂಜಿನ್ನನ್ನು ಕಾಯಿಸುತ್ತದೆ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಪಿಂಗಾಣಿ ತಿಳಿಗಂದು ಬಣ್ಣದಲ್ಲಿದ್ದರೆ ನೆಮ್ಮದಿ. ಸುಣ್ಣದಂತೆ ಬಿಳಿಯಾಗಿದ್ದರೆ ಗಾಳಿ ಜಾಸ್ತಿ. ಆ ಬಿಳಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ, ಅಥವಾ ಬೆಳ್ಳಗೆ ಮಿನುಗುವ ಸಣ್ಣ ಕಣಗಳಿದ್ದರೆ, ನಾಕಿಂಗ್ ಬಹಳ ದಿನದಿಂದ ನಡೆದಿದೆ. ಮಿನುಗುವುದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ.

ಜೆಟ್ಟನ್ನು ಒಂದೊಂದೇ ಸೈಜ್ ಏರಿಸಿ, ಪ್ರತಿ ಸಲವೂ ಪ್ಲಗ್ ನೋಡಿ. ಅದಕ್ಕೂ ಮೊದಲು ಕಾರ್ಬುರೇಟರ್ ಮತ್ತು ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ನಡುವಿನ ರಬ್ಬರ್ ಬೂಟ್ ಬಗ್ಗಿಸಿ ಬಿರುಕಿದೆಯೇ ನೋಡಿ. ಬಿರುಕಿನಿಂದ ನುಗ್ಗುವ ಕಳ್ಳಗಾಳಿಗೆ ಯಾವ ಜೆಟ್ಟೂ ಸಾಲುವುದಿಲ್ಲ.

ಅಂಗಡಿಯವರು ‘ರೇಸಿಂಗ್ ಪ್ಲಗ್’ ಕೊಟ್ಟರು. ಹಾಕಬಹುದೇ?

ಬೆಲೆ ಬಿಡಿ, ಹೀಟ್ ರೇಂಜ್ ನಂಬರ್ (ಪ್ಲಗ್ ಎಷ್ಟು ಬಿಸಿಯಾಗುತ್ತದೆ ಎಂಬ ಗುರುತು) ನೋಡಿ. ಎನ್‌ಜಿಕೆ ಪ್ಲಗ್ಗಿನಲ್ಲಿ ನಂಬರ್ ಏರಿದಷ್ಟು ಪ್ಲಗ್ ತಣ್ಣಗೆ. ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಇಂದಿಗೂ ಮೈಕೋ ಎಂದೇ ಕರೆಯುವ ಬಾಷ್ ಪ್ಲಗ್ಗಿನಲ್ಲಿ ತದ್ವಿರುದ್ಧ, ನಂಬರ್ ಇಳಿದಷ್ಟು ತಣ್ಣಗೆ. ಒಂದು ಕಂಪನಿಯ ನಂಬರನ್ನು ಇನ್ನೊಂದರ ಲೆಕ್ಕದಲ್ಲಿ ಓದಿ ಬಿಸಿ ಪ್ಲಗ್ ಹಾಕಿ, ಅದೇ ಕೆಂಡವಾಗಿ ಮಿಶ್ರಣಕ್ಕೆ ಮೊದಲೇ ಬೆಂಕಿ ಕೊಟ್ಟದ್ದನ್ನು ನೋಡಿದ್ದೇನೆ. ಚೂಡಿಯ (ತಿರುಪಿನ ಎಳೆಗಳ) ಉದ್ದವೂ ಸರಿಯಿರಲಿ. ಉದ್ದವಾದರೆ ತುದಿ ಒಳಗೆ ಚಾಚಿಕೊಂಡು ಕಾಯುತ್ತದೆ, ಕೆಲವೊಮ್ಮೆ ಪಿಸ್ಟನ್ನಿಗೇ ತಗಲುತ್ತದೆ.

ಟೈಮಿಂಗ್ (ಸ್ಪಾರ್ಕ್ ಹಾರುವ ಹೊತ್ತು) ಸ್ವಲ್ಪ ಮುಂದೆ ಮಾಡಿದರೆ ಪಿಕಪ್ ಹೆಚ್ಚುತ್ತದೆ ಎನ್ನುತ್ತಾರಲ್ಲ?

ಹೆಚ್ಚಬಹುದು, ಒಂದು ಮಿತಿಯವರೆಗೆ. ಆ ಮಿತಿ ಎಷ್ಟು ಚಿಕ್ಕದು ನೋಡಿ: ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಮ್ಯಾಗ್ನೆಟ್ಟಿನ ಹೊರವ್ಯಾಸ 110 ಮಿ.ಮೀ. ಇದ್ದರೆ, ಸ್ಪಾರ್ಕಿಗೆ ಸೂಚನೆ ಕೊಡುವ ಪಿಕಪ್ ಕಾಯಿಲನ್ನು ಅದರ ಅಂಚಿನಲ್ಲಿ ಒಂದು ಮಿ.ಮೀ. ಸರಿಸಿದರೂ ಟೈಮಿಂಗ್ ಒಂದು ಡಿಗ್ರಿ ಬದಲಾಗುತ್ತದೆ. ಪ್ಲೇಟಿನ ತೂತನ್ನು ಅರದಿಂದ ಉಜ್ಜಿ “ಒಂಚೂರು” ಸರಿಸಿದ್ದು ಮೂರು ನಾಲ್ಕು ಡಿಗ್ರಿ ಆಗಿರುತ್ತದೆ. ಅಂದಾಜಿನಲ್ಲಿ ಮಾಡಿದ್ದರೆ ಮೊದಲು ಹಳೆಯ ಗುರುತಿಗೆ ತನ್ನಿ, ಟೈಮಿಂಗ್ ಲೈಟ್ ಇರುವವರ ಹತ್ತಿರ ತೋರಿಸಿ.

ನನ್ನದು ಫ್ಯೂಯಲ್ ಇಂಜೆಕ್ಷನ್ ಬೈಕ್. ಕಂಪ್ಯೂಟರೇ ಎಲ್ಲ ಸರಿಮಾಡಿಕೊಳ್ಳುವುದಿಲ್ಲವೇ?

ಸ್ವಲ್ಪ ಮಾತ್ರ. ಸೈಲೆನ್ಸರಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಆ ಕಂಪ್ಯೂಟರ್ (ಇಸಿಯು) ಸಮವೇಗದಲ್ಲಿ ಮಿಶ್ರಣ ತಿದ್ದುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಆ ಸೆನ್ಸರಿನ ಮಾತು ಕೇಳದೆ ಕಂಪನಿ ಬರೆದಿಟ್ಟ ಲೆಕ್ಕದಂತೆಯೇ ನಡೆಯುತ್ತದೆ. ನಾಕಿಂಗ್ ಬರುವುದೂ ಆಗಲೇ. ನಮ್ಮ ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ನಾಕ್ ಸೆನ್ಸರ್ ಇರುವುದಿಲ್ಲ, ಆದ್ದರಿಂದ ಸದ್ದು ಕೇಳಿ ಟೈಮಿಂಗ್ ಹಿಂದಕ್ಕೆ ಎಳೆಯುವವರು ಯಾರೂ ಇಲ್ಲ. ಪವರ್ ಚಿಪ್ ಎಂಬ ಡಬ್ಬಿ ಸಿಕ್ಕಿಸಿದ್ದರೆ ಕಿತ್ತು, ಹಳೆಯ ಕನೆಕ್ಟರ್ ಸೇರಿಸಿ ಓಡಿಸಿ ನೋಡಿ. ಐದು ನಿಮಿಷದ ಕೆಲಸ.

ಸೈಲೆನ್ಸರ್ ಬದಲಾಯಿಸಿದರೆ ಪೊಲೀಸರು ಹಿಡಿಯುತ್ತಾರೆಯೇ?

ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 190(2) ಕಲಮಿನಡಿ ಶಬ್ದಮಾಲಿನ್ಯಕ್ಕೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡವಿದೆ. ಸಿ.ಸಿ. ಬದಲಾಯಿಸಿದರೆ 52ನೇ ಕಲಮಿನ ಪ್ರಶ್ನೆಯೂ ಏಳುತ್ತದೆ. ಹಳೆಯ ಭಾಗಗಳನ್ನು ಗುಜರಿಗೆ ಹಾಕಬೇಡಿ. ಸದ್ದಿನ ಮೂಲ ಹುಡುಕಲು ಒಂದೊಂದಾಗಿ ಹಿಂದಕ್ಕೆ ಜೋಡಿಸಿ ನೋಡುವುದಕ್ಕೂ ಅವೇ ಬೇಕು.

### ಬಿಚ್ಚಿದ ಮೇಲೆ

ಸಿಲಿಂಡರ್ ಬೋರ್ ಮಾಡಿಸಿ (ಒಳಗೋಡೆ ಕೊರೆಸಿ ಅಗಲ ಮಾಡಿಸಿ) ಹೊಸ ಪಿಸ್ಟನ್ ಹಾಕಿಸಿದೆ. ಬೆಳಗ್ಗೆ ಬಾಗಿಲು ತಟ್ಟಿದಂತೆ ಸದ್ದು. ಲೇತಿನವರ ತಪ್ಪೇ?

ಆಗಿರಬಹುದು, ಆಗಿಲ್ಲದಿರಲೂಬಹುದು. ಪಿಸ್ಟನ್ ತಲೆಯ ಮೇಲೆ ಬಾಣವೋ ‘ಐಎನ್’ ಎಂಬ ಅಕ್ಷರವೋ ಇರುತ್ತದೆ. ಸಾಮಾನ್ಯವಾಗಿ ‘ಐಎನ್’ ಕಾರ್ಬುರೇಟರ್ ಕಡೆಗೆ, ಬಾಣ ಸೈಲೆನ್ಸರ್ ಕಡೆಗೆ ಇರಬೇಕು. ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್) ನಟ್ಟನಡುವೆ ಇರದೆ ಕೂದಲೆಳೆಯಷ್ಟು ಪಕ್ಕಕ್ಕೆ ಇರುವುದೇ ಪಿಸ್ಟನ್ ಗೋಡೆಗೆ ಅಪ್ಪಳಿಸದೆ ಮೆಲ್ಲಗೆ ಒರಗಲಿ ಎಂದು. ಉಲ್ಟಾ ಹಾಕಿದರೆ ಹೊಸ ಪಿಸ್ಟನ್ನೂ ಹಳೆಯದರಂತೆ ಬಡಿಯುತ್ತದೆ. ಫೋರ್ಜ್ಡ್ ಪಿಸ್ಟನ್ (ಎರಕ ಹೊಯ್ಯದೆ ಒತ್ತಿ ಮಾಡಿದ್ದು) ಆಗಿದ್ದರೆ ಮಾತು ಬೇರೆ. ಅದು ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಹೆಚ್ಚು ಸಂದು ಬಿಟ್ಟೇ ಕೂರಿಸುತ್ತಾರೆ. ತಣ್ಣಗಿರುವಾಗಿನ ಸದ್ದು ಅದರ ಜಾಯಮಾನ. ಆ ಭಯಕ್ಕೆ ಸಂದು ಕಡಿಮೆ ಮಾಡಿಸಿದವರು ಪಿಸ್ಟನ್ ಸೀಜ್ ಆಗಿ (ಸಿಲಿಂಡರಿನಲ್ಲಿ ಕಚ್ಚಿಕೊಂಡು) ಬಂದಿದ್ದಾರೆ.

ಕೆಳಗಿನಿಂದ ದಪ್ಪ ಸದ್ದು. ಕ್ರ್ಯಾಂಕ್ ಹೋಗಿದೆ ಎನ್ನುತ್ತಾರೆ. ನಂಬಲೇ?

ಸಾಕ್ಷಿ ಕೇಳಿ. ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿ. ಬೇರಿಂಗ್ ಪುಡಿಯಾಗಿದ್ದರೆ ಹೊಳೆಯುವ ಚೂರುಗಳು ಉಳಿಯುತ್ತವೆ. ಸಿಲಿಂಡರ್ ಎತ್ತಿದ ಮೇಲೆ ರಾಡನ್ನು ಹಿಡಿದು ನೇರ ಮೇಲಕ್ಕೆ, ಕೆಳಕ್ಕೆ ಎಳೆದು ಒತ್ತಿ ನೋಡಿ. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಮೇಲೆ ಕೆಳಗೆ ಚೂರೂ ಆಡಬಾರದು.

ಇಷ್ಟು ಗೊತ್ತಿದ್ದೂ ನಾನು ಒಮ್ಮೆ ಮುಗ್ಗರಿಸಿದ್ದೇನೆ. ಕಾಲೇಜು ಹುಡುಗನೊಬ್ಬ ಬೈಕು ತಂದಿದ್ದ. ಸಿಡಿಐ (ಸ್ಪಾರ್ಕ್ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ) ಬದಲಾಯಿಸಿ, ಮ್ಯಾಗ್ನೆಟ್ ಬಿಚ್ಚಿ ಪಿಕಪ್ ಸರಿಸಿದ್ದರು. ನಿಂತಲ್ಲಿ ಡಬ್ ಡಬ್, ಏರಿನಲ್ಲಿ ಚಿಣಿ ಚಿಣಿ. ಮರದ ಹಿಡಿಯ ಉದ್ದ ಸ್ಕ್ರೂಡ್ರೈವರನ್ನು ಕೇಸಿಗೂ ಕಿವಿಗೂ ಒತ್ತಿ ಕೇಳಿ, ಒಂದೇ ಉಸಿರಿಗೆ “ಬಿಗ್ ಎಂಡ್” ಎಂದೆ. ಪುಲ್ಲರ್ ಎಂಬ ಕೀಳುವ ಸಲಕರಣೆ ಹಿಡಿದು ಮ್ಯಾಗ್ನೆಟ್ ತೆಗೆಯಲು ಹೋದದ್ದು ನಮ್ಮ ಗ್ಯಾರೇಜಿನ ಹುಡುಗ. “ಅಣ್ಣ, ಪುಲ್ಲರ್ ಹಾಕುವ ಮೊದಲೇ ಕೈಗೆ ಬಂತು” ಎಂದ. ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಸ್ ಎರಡು ಹೋಳು ಮಾಡಿ ರಾಡ್ ಎಳೆದರೆ ಕಲ್ಲಿನಂತೆ ಗಟ್ಟಿ. ಆಮೇಲೆ ಮ್ಯಾಗ್ನೆಟ್ ಕೈಗೆತ್ತಿಕೊಂಡೆ. ಕ್ರ್ಯಾಂಕಿನ ಮೇಲೆ ಕೂರುವ ಒಳಗಿನ ಇಳಿಜಾರು ತೂತು (ಟೇಪರ್) ಉಜ್ಜಿ ಉಜ್ಜಿ ಕಂದು ಪುಡಿ ಹಿಡಿದಿತ್ತು, ಅರ್ಧಚಂದ್ರದ ಕೀ ಒಂದು ಮಗ್ಗುಲು ಸವೆದು ಕತ್ತರಿಸುವುದರಲ್ಲಿತ್ತು. ನಟ್ಟನ್ನು ಸರಿಯಾಗಿ ಬಿಗಿ ಮಾಡದ ಕಾರಣ ಮ್ಯಾಗ್ನೆಟ್ ಪ್ರತಿ ಸ್ಫೋಟಕ್ಕೂ ತೂಗಾಡಿ ಬಡಿಯುತ್ತಿತ್ತು. ಅದರ ಜೊತೆಗೆ ಟೈಮಿಂಗ್ ಅಲೆದಾಡಿ ನಿಜವಾದ ನಾಕಿಂಗೂ ಬರುತ್ತಿತ್ತು. ಒಂದು ನಟ್ಟು, ಎರಡು ಸದ್ದು. ಗ್ಯಾಸ್ಕೆಟ್ ಸೆಟ್ಟಿನ ದುಡ್ಡು ನನ್ನ ಕೈಯಿಂದ ಹೋಯಿತು, ಮಜೂರಿ ಕೇಳುವ ಮುಖವಿರಲಿಲ್ಲ. ಅಂದಿನಿಂದ ಕೆಳಗಿನ ಸದ್ದಿಗೆ ಮೊದಲು ಮ್ಯಾಗ್ನೆಟ್ ನಟ್, ಆಮೇಲೆ ಕ್ಲಚ್ ಕಡೆಯ ನಟ್, ಅವೆರಡೂ ಗಟ್ಟಿ ಇದ್ದರೆ ಮಾತ್ರ ಮುಂದಿನ ಮಾತು.

ಆರ್‌ಎಕ್ಸ್ 100, ಹಳೆಯ ಯೆಜ್ಡಿಗಳಿಗೂ ಇದೇ ಲೆಕ್ಕವೇ?

ನಾಕಿಂಗಿನ ಲೆಕ್ಕ ಅದೇ, ಆದರೆ ಇವುಗಳಂಥ ಟು ಸ್ಟ್ರೋಕಿನಲ್ಲಿ ಕ್ಷಮೆ ಕಡಿಮೆ. ಟ್ಯಾಪೆಟ್, ಟೈಮಿಂಗ್ ಚೈನ್ ಇಲ್ಲದ್ದರಿಂದ ಸಂಶಯದ ಪಟ್ಟಿ ಚಿಕ್ಕದು: ಪಿಸ್ಟನ್, ಸ್ಮಾಲ್ ಎಂಡ್ (ರಾಡಿನ ಪಿಸ್ಟನ್ ಕಡೆಯ ತುದಿ), ಬಿಗ್ ಎಂಡ್. ಹೆಡ್ ತೆಗೆದಾಗ ಪಿಸ್ಟನ್ ತಲೆಯ ಅಂಚು ಗೆದ್ದಲು ತಿಂದಂತೆ ಕೊರೆದುಹೋಗಿದ್ದರೆ ನಾಕಿಂಗ್. 1996ಕ್ಕೆ ನಿಂತುಹೋದ ಬೈಕುಗಳಿವು. ಒಳ್ಳೆಯ ಸಿಲಿಂಡರ್ ಹುಡುಕುವ ಕಷ್ಟ ನೆನೆದು ಹೆಡ್ ಕಟ್ ಮಾಡಿಸುವ (ಅದರ ತಳ ಕೆತ್ತಿಸಿ ತೆಳು ಮಾಡಿಸುವ) ಆಸೆಗೆ ಕಡಿವಾಣ ಹಾಕಿ.

ಹೆಡ್ ಅರ್ಧ ಮಿ.ಮೀ. ಕಟ್ ಮಾಡಿಸಿದೆ ಅಷ್ಟೇ. ಅಷ್ಟಕ್ಕೆ ನಾಕಿಂಗ್ ಬರುತ್ತದೆಯೇ?

ಲೆಕ್ಕ ಹಾಕೋಣ. ಬೋರ್ (ಸಿಲಿಂಡರಿನ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 49.5 ಮಿ.ಮೀ. ಇರುವ 97.2 ಸಿ.ಸಿ. ಎಂಜಿನ್, ಕಂಪ್ರೆಶನ್ (ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕ) 9:1 ಎಂದು ಇಟ್ಟುಕೊಳ್ಳಿ. ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ 12.15 ಸಿ.ಸಿ. ಅರ್ಧ ಮಿ.ಮೀ. ಕೆತ್ತಿದರೆ ಅದರಲ್ಲಿ ಸುಮಾರು ಒಂದು ಸಿ.ಸಿ. ಹೋಗುತ್ತದೆ, ಕಂಪ್ರೆಶನ್ 9.7 ಆಯಿತು. ಒಂದು ಮಿ.ಮೀ. ಕೆತ್ತಿದರೆ 10.5. ಹೆಡ್ ಮುಟ್ಟದೆ 53 ಮಿ.ಮೀ. ಪಿಸ್ಟನ್ ಹಾಕಿದರೂ ಹತ್ತರ ಹತ್ತಿರ ಹೋಗುತ್ತದೆ, ಇದನ್ನು ಬೋರ್ ಕಿಟ್ ಮಾರುವವರು ಹೇಳುವುದಿಲ್ಲ. ಟೈಮಿಂಗ್ ಹಳೆಯದೇ ಇದ್ದು ಕಂಪ್ರೆಶನ್ ಮಾತ್ರ ಏರಿದರೆ ನಾಕಿಂಗ್ ಬರುವುದರಲ್ಲಿ ಆಶ್ಚರ್ಯವಿಲ್ಲ. ದಪ್ಪ ಗ್ಯಾಸ್ಕೆಟ್ ಹಾಕಿ ಅಥವಾ ಟೈಮಿಂಗ್ ಎರಡು ಡಿಗ್ರಿ ಹಿಂದಕ್ಕೆ ತಂದು ನೋಡಬಹುದು.

ಕಂಪ್ರೆಶನ್ನಿಗಿಂತ ನನಗೆ ಹೆದರಿಕೆ ವಾಲ್ವಿನದು. ಹೆಡ್ ಕೆಳಗಿಳಿದಷ್ಟೂ ವಾಲ್ವ್ ಪಿಸ್ಟನ್ನಿಗೆ ಹತ್ತಿರ. ತಗಲುತ್ತಿದ್ದರೆ ಎಂಜಿನ್ ಜೋರಾಗಿ ತಿರುಗಿದಾಗ ಕಟಕಟ ಎನ್ನುತ್ತದೆ, ಪಿಸ್ಟನ್ ತಲೆಯಲ್ಲಿ ಉಗುರು ಒತ್ತಿದಂತೆ ಅರ್ಧಚಂದ್ರದ ಗುರುತು ಮೂಡಿರುತ್ತದೆ. ಪರೀಕ್ಷೆಗೆ ಮಕ್ಕಳು ಆಟವಾಡುವ ಬಣ್ಣದ ಕ್ಲೇ ಸಾಕು. ವಾಲ್ವ್ ಇಳಿಯುವ ಎರಡೂ ಜಾಗದಲ್ಲಿ ಪಿಸ್ಟನ್ ಮೇಲೆ ಒಂದೊಂದು ಉಂಡೆ ಇಟ್ಟು, ವಾಲ್ವಿಗೆ ಒಂದು ತೊಟ್ಟು ಆಯಿಲ್ ಸವರಿ, ಹೆಡ್ಡನ್ನು ಗ್ಯಾಸ್ಕೆಟ್ ಸಮೇತ ಪೂರ್ತಿ ಬಿಗಿ ಮಾಡಿ, ಟೈಮಿಂಗ್ ಚೈನ್ ಮತ್ತು ಟ್ಯಾಪೆಟ್ ಕೂರಿಸಿ. ಕಿಕ್ ಹೊಡೆಯಬೇಡಿ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಬಿಚ್ಚಿ, ಒತ್ತಿಹೋದ ಕ್ಲೇಯನ್ನು ಬ್ಲೇಡಿನಿಂದ ಕೊಯ್ದು ಅತಿ ತೆಳುವಾದ ಜಾಗವನ್ನು ವರ್ನಿಯರಿನಲ್ಲಿ ಅಳೆಯಿರಿ. ಒಂದೂವರೆ ಮಿ.ಮೀ.ಗಿಂತ ಕಡಿಮೆ ಬಂದರೆ ನಾನು ಆ ಹೆಡ್ ಮುಚ್ಚುವುದಿಲ್ಲ.